ಕಣ್ಣು ಬಿಟ್ಟ ಕಾಯಿ ಮಾತ್ರ: ಹೇಮಾವತಿ ಸೀಮೆಯ ಸೀತಾಫಲದ ತೋಟಕ್ಕೆ ಹೋಗುವ ಸದಸ್ಯರಿಗೆ ಮಾಹಿತಿ



ಪ್ರತಿ ವರ್ಷ ಸೆಪ್ಟೆಂಬರ್ ಬಂದಿತೆಂದರೆ ನಮ್ಮ ಸಂಘಕ್ಕೆ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಅಮೆರಿಕದಲ್ಲಿರುವ ಮಕ್ಕಳು ಮೊಮ್ಮಕ್ಕಳು ಸೇಬಿನ ತೋಟಕ್ಕೆ ಹೋಗಿ, ತಾವೇ ಹಣ್ಣು ಕಿತ್ತು, ಚೀಲ ತುಂಬಿಕೊಂಡು ತೆಗೆಸಿದ ಫೋಟೋಗಳನ್ನು ಕಳುಹಿಸುತ್ತಾರೆ. ಅದನ್ನು ನೋಡಿದ ಸದಸ್ಯರು, "ನಮ್ಮ ಕಡೆ ಇಂಥದ್ದು ಇಲ್ಲವೇ? ಸಂಘದಿಂದ ಒಂದು ದಿನ ಕರೆದುಕೊಂಡು ಹೋಗಬಾರದೇ?" ಎಂದು ಕೇಳುತ್ತಾರೆ. ಮಡಕಶಿರಾ, ಅಮರಾಪುರ, ರಾಯದುರ್ಗ, ಪಾವಗಡ, ಶಿರಾ, ಹಿಂದೂಪುರ ಎಲ್ಲ ಕಡೆಯಿಂದಲೂ ಈ ಬೇಡಿಕೆ ಇದೆ.

ಸೇಬಿನ ತೋಟ ನಮ್ಮಲ್ಲಿಲ್ಲ. ಸೀತಾಫಲದ ತೋಟ ಇದೆ. ಹೇಮಾವತಿ ಸೀಮೆಯಲ್ಲಿ ಮನೆಮಂದಿಯೇ ನೋಡಿಕೊಳ್ಳುವ ಅಂತಹ ಒಂದು ತೋಟಕ್ಕೆ ಸಂಘದಿಂದ ಈವರೆಗೆ ಎರಡು ಸಲ ಹೋಗಿದ್ದೇವೆ. ಮೊದಲ ಸಲ ತಪ್ಪು ಮಾಡಿದೆವು, ಎರಡನೆಯ ಸಲ ತಿದ್ದಿಕೊಂಡೆವು. ಮುಂದೆ ಹೋಗುವವರು ಅದೇ ತಪ್ಪು ಮಾಡಬಾರದೆಂದು ಈ ಮಾಹಿತಿಯನ್ನು ವಿವರವಾಗಿ ಬರೆದಿದ್ದೇವೆ. ದಯವಿಟ್ಟು ಪೂರ್ತಿ ಓದಿ, ಜೊತೆಯಲ್ಲಿ ಬರುವವರಿಗೂ ಓದಿ ಹೇಳಿ.

ಸೇಬು ಯಾಕೆ ಇಲ್ಲ?

ಸೇಬಿನ ಮರಕ್ಕೆ ಚಳಿಗಾಲದ ನಿದ್ದೆ ಬೇಕು. ಎಲೆ ಉದುರಿಸಿ ಮಲಗಿದ ಮರ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಚಳಿಯಲ್ಲಿ ಸಾಕಷ್ಟು ಗಂಟೆ ಕಳೆದರೆ ಮಾತ್ರ ಮುಂದೆ ಸರಿಯಾಗಿ ಹೂ ಬಿಡುತ್ತದೆ. ಹಿಮಾಚಲ, ಕಾಶ್ಮೀರಗಳಲ್ಲಿ ಬೆಳೆಯುವ ಡೆಲಿಷಸ್ ಜಾತಿಯ ಸೇಬುಗಳಿಗೆ ಇಂತಹ ಚಳಿ ನೂರಾರು ಗಂಟೆ ಬೇಕು. ಮಡಕಶಿರಾ ಕಡೆ ಮಾಗಿಯ ರಾತ್ರಿಯಲ್ಲೂ ಸಾಮಾನ್ಯವಾಗಿ ಅಷ್ಟು ಚಳಿ ಬೀಳುವುದಿಲ್ಲ.

ಕಡಿಮೆ ಚಳಿ ಸಾಕೆನ್ನುವ ತಳಿಗಳೂ ಇವೆ. ಇಸ್ರೇಲಿನ ಅನ್ನಾ, ಬಹಾಮಾ ದ್ವೀಪದ ಡಾರ್ಸೆಟ್ ಗೋಲ್ಡನ್, ಹಿಮಾಚಲದ ಬಿಲಾಸಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಬೆಳೆಸಿದ ಎಚ್.ಆರ್.ಎಂ.ಎನ್-99 ಇವುಗಳಲ್ಲಿ ಮುಖ್ಯವಾದವು. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಇಂಡೋನೇಷ್ಯಾದ ಬಾತು ಎಂಬ ಊರಿನ ಕಡೆ ಚಳಿಗಾಲವೇ ಇಲ್ಲದಿದ್ದರೂ ರೈತರು ಕೈಯಿಂದಲೇ ಎಲೆ ಕಿತ್ತು, ಮರಕ್ಕೆ ಚಳಿಗಾಲ ಬಂತೆಂದು ನಂಬಿಸಿ, ವರ್ಷಕ್ಕೆ ಎರಡು ಸಲ ಸೇಬು ತೆಗೆಯುತ್ತಾರೆ. ನಮ್ಮ ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ರೋಮ್ ಬ್ಯೂಟಿ ಎಂಬ ಸೇಬು ಬೆಳೆಯುತ್ತಿತ್ತು. ಈಚೆಗೆ ಕರ್ನಾಟಕದ ಕೆಲವು ರೈತರು ಈ ಹೊಸ ತಳಿಗಳನ್ನು ಹಾಕಿ ನೋಡುತ್ತಿದ್ದಾರೆ. ಸದಸ್ಯರು ಬೇಕಿದ್ದರೆ ಹಿತ್ತಲಲ್ಲಿ ಎರಡು ಗಿಡ ಹಾಕಿ ನೋಡಬಹುದು. ಬಸ್ಸು ಮಾಡಿಕೊಂಡು ಹೋಗಿ ಚೀಲ ತುಂಬಿ ತರುವಷ್ಟು ಸೇಬು ನಮ್ಮ ಸೀಮೆಯಲ್ಲಿ ಸಿಗದು.

ನಮ್ಮ ಬೆಟ್ಟಗಳ ಹಣ್ಣು

ಸೀತಾಫಲಕ್ಕೆ ಇಂಗ್ಲಿಷಿನವರು ಕಸ್ಟರ್ಡ್ ಆಪಲ್ ಎನ್ನುತ್ತಾರೆ, ಅಮೆರಿಕದ ಕಡೆ ಶುಗರ್ ಆಪಲ್ ಎನ್ನುತ್ತಾರೆ. ಹೆಸರಿನಲ್ಲಿ ಆಪಲ್ ಇದ್ದರೂ ಸೇಬಿಗೂ ಇದಕ್ಕೂ ಯಾವ ನಂಟೂ ಇಲ್ಲ. ರಾಮಫಲ ಇದರ ದಾಯಾದಿ. ಇದರ ಮೂಲ ಅಮೆರಿಕ ಖಂಡದ ಬಿಸಿ ಪ್ರದೇಶ. ಆದರೆ ನಮ್ಮ ಜನ ಸೀತಮ್ಮನ ಹೆಸರಿಟ್ಟು ಇದನ್ನು ಮನೆಯದನ್ನಾಗಿ ಮಾಡಿಕೊಂಡು ಎಷ್ಟೋ ತಲೆಮಾರು ಕಳೆದಿವೆ.

ಅನಂತಪುರ ಸೀಮೆಯ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ. ಅದೂ ನೆಚ್ಚುವ ಹಾಗಿಲ್ಲ. ಇಂತಹ ಕಡೆ ಕಲ್ಲು ಗುಡ್ಡದ ಮೇಲೆ, ಹೊಲದ ಬದುವಿನ ಮೇಲೆ, ನೀರು ಗೊಬ್ಬರ ಕೇಳದೆ ನಿಲ್ಲುವ ಮರ ಸೀತಾಫಲ. ಇದರ ಎಲೆಯನ್ನು ಆಡು, ಕುರಿ, ದನ ಮುಟ್ಟುವುದಿಲ್ಲ. ದನಕರು ಮೇಯುವ ಗುಡ್ಡಗಳಲ್ಲಿ ಬೇರೆ ಗಿಡಗಳು ಬೋಳಾದರೂ ಇದು ಉಳಿದಿರುವುದು ಅದಕ್ಕೇ.

ಬೇಸಿಗೆಗೆ ಮುಂಚೆ ಎಲೆ ಉದುರಿಸುವ ಮರ, ಮುಂಗಾರು ಪೂರ್ವದ ಮಳೆ ಬಿದ್ದ ಮೇಲೆ ಚಿಗುರಿ, ಆ ಚಿಗುರಿನಲ್ಲೇ ಹೂ ಬಿಡುತ್ತದೆ. ಹೂವಿನ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ, ಗಂಡು ಭಾಗದ ಪರಾಗ ಆಮೇಲೆ ಬಿಡುತ್ತದೆ. ಆದ್ದರಿಂದ ಒಂದು ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದು ಕಡಿಮೆ. ಪುಟ್ಟ ದುಂಬಿಗಳು ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಒಯ್ಯಬೇಕು. ಗಾಳಿ ಒಣಗಿದ್ದರೆ ಹೂ ಉದುರುತ್ತದೆ. ನೂರಾರು ಹೂ ಬಿಟ್ಟ ಮರದಲ್ಲಿ ಕಾಯಿ ಎಣಿಸಿದಷ್ಟೇ ಇರುವುದಕ್ಕೆ ಇದೇ ಕಾರಣ. ಕಾಯಿ ಕಟ್ಟಿದ ಮೇಲೆ ಬಲಿಯಲು ಸುಮಾರು ನಾಲ್ಕು ತಿಂಗಳು ಬೇಕು. ನಮ್ಮ ಕಡೆ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಹಣ್ಣಿನ ಕಾಲ. ದಸರಾ, ದೀಪಾವಳಿ ಎರಡೂ ಇದರೊಳಗೇ ಬರುತ್ತವೆ.

ತಳಿಗಳ ವಿಷಯ ಹೇಳುವುದಾದರೆ, ಗುಡ್ಡದ ನಾಟಿ ಮರಗಳ ಜೊತೆಗೆ ತೆಲಂಗಾಣದ ಊರಿನ ಹೆಸರಿರುವ ಬಾಲಾನಗರ ಎಂಬುದು ತೋಟಗಳಲ್ಲಿ ಹೆಚ್ಚು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಅರ್ಕ ಸಹನ್ ತಳಿಯಲ್ಲಿ ಬೀಜ ಕಡಿಮೆ, ತಿರುಳು ಹೆಚ್ಚು. ಅದಕ್ಕೆ ಕೈಯಿಂದ ಪರಾಗ ಮುಟ್ಟಿಸಿದರೆ ಫಸಲು ಚೆನ್ನಾಗಿ ಬರುತ್ತದೆ. ತೋಟದಲ್ಲಿ ಗಿಡದಿಂದ ಗಿಡಕ್ಕೆ, ಸಾಲಿನಿಂದ ಸಾಲಿಗೆ 5 ಮೀಟರ್ ಬಿಟ್ಟರೆ ಎಕರೆಗೆ ಸುಮಾರು 160 ಗಿಡ ಹಿಡಿಯುತ್ತವೆ.

ನಾವು ಮಾಡಿದ ತಪ್ಪು

ನಾವು ಹೋಗುವ ತೋಟ ದೊಡ್ಡದಲ್ಲ. ಯಜಮಾನರು, ಅವರ ಮನೆಯವರು, ಯಜಮಾನರ ತಾಯಿ, ಹಿಂದೂಪುರದಲ್ಲಿ ಕೆಲಸಕ್ಕಿರುವ ಮಗ, ಸೊಸೆ, ಎಂಟನೆಯ ತರಗತಿ ಓದುವ ಮೊಮ್ಮಗಳು, ಇಷ್ಟೇ ಮಂದಿ. ಕೂಲಿಯಾಳು ಇಟ್ಟುಕೊಳ್ಳುವಷ್ಟು ಕೆಲಸವೂ ಇಲ್ಲ, ಹಣವೂ ಇಲ್ಲ. ಮನೆಮಾತು ಕನ್ನಡ. ಅವರು ಕೇಳಿಕೊಂಡಂತೆ ಹೆಸರನ್ನಾಗಲಿ ಊರನ್ನಾಗಲಿ ಇಲ್ಲಿ ಹಾಕಿಲ್ಲ.

ಮೊದಲ ಸಲ ವಿಚಾರಿಸಲು ಹೋದಾಗ "ಅಮೆರಿಕದಲ್ಲಿ ಸೇಬಿನ ತೋಟಕ್ಕೆ ಹೋಗ್ತಾರಲ್ಲ, ಹಾಗೆ" ಎಂದು ನಾವು ಹೇಳಿದ್ದನ್ನು ಅಜ್ಜಿ ಬೇರೆ ರೀತಿ ಕೇಳಿಸಿಕೊಂಡರು. "ಸೀಬೆ ನಮ್ಮಲ್ಲಿಲ್ಲ ಸ್ವಾಮಿ, ಇರೋದು ಸೀತಾಫಲ" ಎಂದರು. ಎಲ್ಲರೂ ನಕ್ಕೆವು. ಮಾತು ಅಲ್ಲಿಗೇ ಮುಗಿಯಿತು. ಕಾಯಿ ಕೀಳುವ ಬಗೆ ಹೇಗೆಂದು ನಾವು ಕೇಳಲಿಲ್ಲ, ಊರಿನಿಂದ ಬಂದ ದೊಡ್ಡವರಿಗೆ ಹೇಳುವುದು ಹೇಗೆಂದು ಅವರೂ ಸುಮ್ಮನಾದರು.

ಆ ಭಾನುವಾರ ಎರಡು ಟೆಂಪೊಗಳಲ್ಲಿ ನಲವತ್ತಾರು ಮಂದಿ ಹೋದೆವು. ಸೆಪ್ಟೆಂಬರ್ ಮೊದಲ ವಾರ. ಮಕ್ಕಳು ಮರಕ್ಕೆ ಜೋತುಬಿದ್ದರು, ದೊಡ್ಡವರು ದಪ್ಪ ಕಾಯಿ ಕಂಡಲ್ಲಿಗೆ ಕೈ ಹಾಕಿದರು. ದಪ್ಪವಿದ್ದದ್ದು ಬಲಿತಿದೆ ಎಂದೇ ನಮ್ಮ ಲೆಕ್ಕ. ಮೂರು ಟೊಂಗೆ ಮುರಿದವು. ಮಧ್ಯಾಹ್ನದ ಹೊತ್ತಿಗೆ ಚೀಲಗಳು ತುಂಬಿದ್ದವು. ತೂಕ ಹಾಕಲು ಹೋದರೆ ಯಜಮಾನರು "ಇರ್ಲಿ ಬಿಡಿ, ನೀವು ಕೊಟ್ಟಷ್ಟು" ಎಂದರು. ಚೀಲ ನೋಡಿ ಅವರ ಮುಖ ಬಾಡಿದ್ದನ್ನು ನಾವು ಗಮನಿಸಿದೆವು, ದಣಿವು ಎಂದುಕೊಂಡೆವು.

ಐದಾರು ದಿನ ಕಳೆದ ಮೇಲೆ ಸದಸ್ಯರಿಂದ ಫೋನ್ ಬರತೊಡಗಿತು. ಅಕ್ಕಿ ಡಬ್ಬದಲ್ಲಿಟ್ಟರೂ ಹಣ್ಣಾಗಲಿಲ್ಲ, ಕಪ್ಪಾಗಿ ಕಲ್ಲಾಗಿದೆ, ತೋಟದವರು ಮೋಸ ಮಾಡಿದರು ಎಂದು. ಕಾರ್ಯದರ್ಶಿಯ ಸ್ಥಾನದಲ್ಲಿದ್ದು ವಿಚಾರಿಸಿ ಮಾತಾಡಬೇಕಾದ ನಾವೇ ಯಜಮಾನರಿಗೆ ಫೋನ್ ಮಾಡಿ, "ನಿಮ್ಮ ಹಣ್ಣು ಸರಿಯಿಲ್ಲವಲ್ಲ" ಎಂದು ಹೇಳಿಬಿಟ್ಟೆವು. ಅವರು ಮರುಮಾತಾಡಲಿಲ್ಲ. "ಆಯ್ತು ಸ್ವಾಮಿ" ಎಂದಷ್ಟೇ ಹೇಳಿ ಇಟ್ಟರು.

ಮರು ವರ್ಷ ಕೇಳಿದಾಗ "ಈ ಸಲ ಗುತ್ತಿಗೆಗೆ ಕೊಟ್ಬಿಟ್ಟಿದ್ದೀವಿ" ಎಂಬ ಉತ್ತರ ಬಂತು. ಗುತ್ತಿಗೆ ಎಂದರೆ ವ್ಯಾಪಾರಿ ಮರದಲ್ಲಿ ಪೀಚು ಇರುವಾಗಲೇ ತೋಟ ಸುತ್ತಿ ನೋಡಿ, ಇಡೀ ಫಸಲಿಗೆ ಒಂದು ಮೊತ್ತ ಹೇಳಿ ಮುಂಗಡ ಕೊಡುತ್ತಾನೆ. ಮನೆಯವರಿಗೆ ಮಳೆ, ಕಳ್ಳತನ, ಕೊಳೆಯುವ ಭಯವಿಲ್ಲ. ಆದರೆ ಬೆಲೆ ಏರಿದರೂ ಅವರಿಗೆ ಕಾಸು ಬರುವುದಿಲ್ಲ. ಸಾಲಕ್ಕೆ ಕೈ ಹಾಕಿದ ವರ್ಷ ಬೇರೆ ದಾರಿಯೂ ಇರುವುದಿಲ್ಲ.

ಸಂಘದ ನಾಲ್ವರು ಅಲ್ಲಿಗೆ ಹೋಗಿ ಕ್ಷಮೆ ಕೇಳಿದೆವು. ಯಜಮಾನರಿಗಿಂತ ಮೊದಲು ಅಜ್ಜಿ ಮಾತಾಡಿದರು. ನಮ್ಮನ್ನು ಒಂದು ಮರದ ಹತ್ತಿರ ಕರೆದುಕೊಂಡು ಹೋಗಿ, ಎರಡು ಕಾಯಿ ತೋರಿಸಿ ಹೇಳಿದರು: "ಇದು ಕಣ್ಣು ಬಿಟ್ಟೈತೆ, ಇದು ಬಿಟ್ಟಿಲ್ಲ. ಕಣ್ಣು ಬಿಡ್ದೇ ಇರೋದನ್ನ ಕಿತ್ರೆ ಅದು ಹಣ್ಣಾಗಲ್ಲ ಸ್ವಾಮಿ. ನಿಮ್ಗೂ ಇಲ್ಲ, ನಮ್ಗೂ ಇಲ್ಲ. ಅವತ್ತು ನೀವು ತಗೊಂಡು ಹೋಗಿದ್ದು ನಮ್ಮ ದೀಪಾವಳಿ ಫಸಲು."

ಆಗ ನಮಗೆ ಲೆಕ್ಕ ತಿಳಿಯಿತು. ಸೇಬಿನ ತೋಟದಲ್ಲಿ ಸ್ವಲ್ಪ ಮುಂಚೆ ಕಿತ್ತ ಹಣ್ಣು ಹುಳಿಯಾದರೂ ತಿನ್ನಲು ಬರುತ್ತದೆ. ಸೀತಾಫಲದಲ್ಲಿ ಮುಂಚೆ ಕಿತ್ತದ್ದು ಪೂರ್ತಿ ನಷ್ಟ. ಮತ್ತೆ ಮರಕ್ಕೆ ಅಂಟಿಸಲಾಗುವುದಿಲ್ಲ. ಕಿತ್ತವನಿಗೆ ಹೋಗುವುದು ಒಂದು ಚೀಲದ ದುಡ್ಡು, ಮನೆಯವರಿಗೆ ಹೋಗುವುದು ಮುಂದಿನ ತಿಂಗಳ ಸಂತೆ.

ಕಣ್ಣು ಬಿಟ್ಟಿದೆ ಎಂದು ತಿಳಿಯುವುದು ಹೇಗೆ?

ಅಜ್ಜಿ ಹೇಳಿಕೊಟ್ಟದ್ದನ್ನು ಅಂಶವಾರು ಕೊಟ್ಟಿದ್ದೇವೆ.

1. ಗಾತ್ರ ನೋಡಬೇಡಿ, ಸಂದು ನೋಡಿ. ಕಾಯಿಯ ಮೇಲಿನ ಒಂದೊಂದು ಗುಬುಟೂ ಒಂದು ಕಣ್ಣು. ಎಳೆಯ ಕಾಯಿಯಲ್ಲಿ ಕಣ್ಣುಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಸಂದು ಹಸಿರಾಗಿರುತ್ತದೆ. ಬಲಿತಾಗ ಕಣ್ಣುಗಳು ಅಗಲವಾಗಿ ಬಿಡಿಬಿಡಿಯಾಗುತ್ತವೆ, ನಡುವಿನ ಸಂದು ಕೆನೆ ಬಣ್ಣಕ್ಕೆ ಅಥವಾ ತಿಳಿ ಹಳದಿಗೆ ತಿರುಗುತ್ತದೆ. ಇದನ್ನೇ ಕಣ್ಣು ಬಿಡುವುದು ಎನ್ನುತ್ತಾರೆ.

2. ತೊಟ್ಟಿನ ಹತ್ತಿರದ ಕಣ್ಣುಗಳನ್ನೂ ನೋಡಿ. ಬಿಸಿಲು ಬಿದ್ದ ಕಡೆ ಬೇಗ ತಿಳಿಯಾಗಿ ಕಾಣಬಹುದು. ಕಾಯಿಯ ಸುತ್ತ ಎಲ್ಲ ಕಡೆ ಸಂದು ಬಿಟ್ಟಿದ್ದರೆ ಮಾತ್ರ ಕೀಳಬೇಕು.

3. ಹಿಸುಕಿ ನೋಡಬೇಡಿ. ಹಿಸುಕಿದ ಜಾಗ ಮಾರನೆಯ ದಿನ ಕಪ್ಪಾಗುತ್ತದೆ. ಮರದಲ್ಲೇ ಮೆತ್ತಗಾದ ಹಣ್ಣು ಅಳಿಲು, ಹಕ್ಕಿ, ಇರುವೆಗಳ ಪಾಲು. ಅದು ಮನೆಯವರೆಗೆ ಬರುವುದಿಲ್ಲ, ಅಲ್ಲೇ ತಿನ್ನಿ.

4. ಎಳೆಯಬೇಡಿ, ತಿರುಚಬೇಡಿ. ತೊಟ್ಟು ಸ್ವಲ್ಪ ಉಳಿಯುವಂತೆ ಕತ್ತರಿಯಲ್ಲಿ ಕತ್ತರಿಸಬೇಕು. ತೊಟ್ಟು ಕಿತ್ತು ಬಂದರೆ ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ಎತ್ತರದ್ದಕ್ಕೆ ಬಲೆ ಕಟ್ಟಿದ ದೋಟಿ ಕೊಡುತ್ತಾರೆ.

5. ಟೊಂಗೆ ಬಗ್ಗಿಸಬೇಡಿ. ಸೀತಾಫಲದ ಕೊಂಬೆ ಬೇಗ ಸೀಳುತ್ತದೆ. ಈಗಿನ ಟೊಂಗೆಯ ಮೇಲೆಯೇ ಮುಂದಿನ ವರ್ಷದ ಚಿಗುರು, ಹೂವು ಬರಬೇಕು.

6. ಅನುಮಾನವಿದ್ದರೆ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಳೆದ ಸಲ ಈ ಕೆಲಸವನ್ನೆಲ್ಲ ಮೊಮ್ಮಗಳೇ ವಹಿಸಿಕೊಂಡಿದ್ದಳು. ಶಾಲೆಯಲ್ಲಿ ಅವಳದು ತೆಲುಗು ಮಾಧ್ಯಮ. ನಮ್ಮ ಜೊತೆ ಬಂದ ಬೆಂಗಳೂರಿನ ಮಕ್ಕಳದು ಇಂಗ್ಲಿಷ್ ಮಾಧ್ಯಮ. ಮರದ ಕೆಳಗೆ ಅವರ ನಡುವೆ ಇದ್ದದ್ದು ಕನ್ನಡ ಒಂದೇ. "ಇದು ಬಿಟ್ಟಿದೆಯಾ?" "ಇಲ್ಲ, ಇನ್ನೊಂದು ವಾರ ಬೇಕು" ಎಂದು ದಿನವೆಲ್ಲ ನಡೆಯಿತು. ನವೆಂಬರ್ ತಿಂಗಳಲ್ಲಿ ನಾವು ಮಾಡುವ ಭಾಷಣಗಳಿಗಿಂತ ಇದರಲ್ಲಿ ಪ್ರಯೋಜನ ಹೆಚ್ಚೆಂದು ಸಮಿತಿಯ ಹಿರಿಯರೊಬ್ಬರು ಹೇಳಿದರು. ನಾವೂ ಒಪ್ಪಿದೆವು.

ಮನೆಗೆ ತಂದ ಮೇಲೆ

ಕಣ್ಣು ಬಿಟ್ಟ ಕಾಯಿ ಮನೆಯಲ್ಲಿ ಎರಡರಿಂದ ನಾಲ್ಕೈದು ದಿನಕ್ಕೆ ಹಣ್ಣಾಗುತ್ತದೆ. ಹುಲ್ಲಿನ ಮೇಲೋ ಹಳೆಯ ಬಟ್ಟೆಯ ಮೇಲೋ ಒಂದಕ್ಕೊಂದು ತಾಗದಂತೆ ಒಂದೇ ಸಾಲಾಗಿ ಹರಡಿ. ಹಸಿ ಕಾಯಿಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಚಳಿಗೆ ಸಿಪ್ಪೆ ಕಪ್ಪಾಗಿ, ಹಣ್ಣಾಗುವ ಗುಣವೇ ಕೆಡುತ್ತದೆ. ಪೂರ್ತಿ ಹಣ್ಣಾದ ಮೇಲೆ ಒಂದು ದಿನ ಇಟ್ಟು ತಿನ್ನಬಹುದು.

ತಿರುಳನ್ನು ಒಲೆಯ ಮೇಲೆ ಕಾಯಿಸಬಾರದು, ಕಹಿಯಾಗುತ್ತದೆ. ಪಾಯಸ, ಬಾಸುಂದಿಗೆ ಹಾಕುವವರು ಹಾಲನ್ನು ಕುದಿಸಿ ಪೂರ್ತಿ ಆರಿಸಿದ ಮೇಲೆ ಬೀಜ ತೆಗೆದ ತಿರುಳು ಬೆರೆಸಬೇಕು.

100 ಗ್ರಾಂ ತಿರುಳಿನಲ್ಲಿ ಸುಮಾರು 94 ಕಿಲೊ ಕ್ಯಾಲರಿ, 23ರಿಂದ 24 ಗ್ರಾಂ ಪಿಷ್ಟ-ಸಕ್ಕರೆ ಇರುತ್ತದೆ. ನಮ್ಮ ಸದಸ್ಯರಲ್ಲಿ ಸಕ್ಕರೆ ಕಾಯಿಲೆಯವರು ಹೆಚ್ಚು. ತೋಟದಲ್ಲಿ ಕೂತು ಒಂದಾದ ಮೇಲೊಂದು ತಿನ್ನುವ ಮುಂಚೆ ಅವರು ಇದನ್ನು ನೆನಪಿಡಲಿ.

ಬೀಜದ ಬಗ್ಗೆ ಎಚ್ಚರ: ಹೇನಿಗೆ ಸೀತಾಫಲದ ಬೀಜ ಅರೆದು ತಲೆಗೆ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಇದೆ. ಆ ಪುಡಿಯಾಗಲಿ ಎಣ್ಣೆಯಾಗಲಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಗೆ ಗಾಯವಾಗಿ ವಿಪರೀತ ಉರಿ, ನೋವು ಬರುತ್ತದೆ. ದಯವಿಟ್ಟು ಈ ಮದ್ದು ಮಾಡಬೇಡಿ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಕೂಡಲೇ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆದು, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ, ಆದರೆ ಜಗಿಯಬಾರದು. ಚಿಕ್ಕ ಮಕ್ಕಳಿಗೆ ಬೀಜ ತೆಗೆದೇ ಕೊಡಿ.

ಕಾಯಿಯ ಸಂದಿನಲ್ಲಿ ಬಿಳಿ ಹತ್ತಿಯಂತೆ ಏನಾದರೂ ಅಂಟಿದ್ದರೆ ಅದು ಹಿಟ್ಟು ತಿಗಣೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೋಟದಲ್ಲೇ ಉಜ್ಜಿ ತೆಗೆದು ತನ್ನಿ. ಇಲ್ಲವಾದರೆ ನಿಮ್ಮ ಹಿತ್ತಲಿನ ಸೀಬೆ, ದಾಸವಾಳಕ್ಕೂ ಹತ್ತುತ್ತದೆ.

ದುಡ್ಡಿನ ವಿಷಯ

ಅಮೆರಿಕದ ತೋಟಗಳಲ್ಲಿ ಚೀಲದ ಅಳತೆಯ ಮೇಲೆ ಹಣ ತೆಗೆದುಕೊಳ್ಳುವುದು ಸಾಮಾನ್ಯ. ಪೆಕ್ ಎಂಬ ಅಳತೆಯ ಚೀಲಕ್ಕೆ ಸುಮಾರು ನಾಲ್ಕೂವರೆ ಕಿಲೊ ಸೇಬು ಹಿಡಿಯುತ್ತದೆ, ನಾಲ್ಕು ಪೆಕ್ ಒಂದು ಬುಷೆಲ್. ಎಷ್ಟೋ ಕಡೆ ಒಳಗೆ ಹೋಗಲೂ ಟಿಕೆಟ್ ಇದೆ. ಹಣ್ಣಿಗಿಂತ ಬಂದವರಿಂದಲೇ ಅಲ್ಲಿನ ಕೆಲವು ಸಣ್ಣ ತೋಟಗಳು ಉಳಿದಿವೆ ಎನ್ನಬಹುದು.

ನಮ್ಮ ತೋಟದವರೊಡನೆ ಕೂತು ಮಾತಾಡಿ ಈ ಕೆಳಗಿನಂತೆ ಮಾಡಿಕೊಂಡಿದ್ದೇವೆ.

• ದರವನ್ನು ಹೋಗುವ ಮುಂಚೆಯೇ ಮನೆಯವರು ಹೇಳುತ್ತಾರೆ. ಅದು ಗುತ್ತಿಗೆದಾರ ಕೊಡುವುದಕ್ಕಿಂತ ಹೆಚ್ಚು, ಪೇಟೆಯ ಅಂಗಡಿಗಿಂತ ಕಡಿಮೆ ಇರುತ್ತದೆ. ಅಲ್ಲಿ ಚೌಕಾಸಿ ಮಾಡಬಾರದು.

• ಕಿತ್ತದ್ದೆಲ್ಲ ತೂಕಕ್ಕೆ. ಎಳೆಯದು ಕಿತ್ತರೂ ಅದೇ ದರ. ತೂಕವಾದ ಮೇಲೆ ಎಳೆಯದನ್ನು ಅಲ್ಲೇ ಬಿಟ್ಟು ಬರುವಂತಿಲ್ಲ.

• ಮರದ ಕೆಳಗೆ ತಿಂದದ್ದಕ್ಕೆ ಲೆಕ್ಕವಿಲ್ಲ. ಇದು ಅಜ್ಜಿಯ ಷರತ್ತು. ಬೇಡವೆಂದರೂ ಅವರು ಒಪ್ಪಲಿಲ್ಲ.

• ಒಂದು ದಿನಕ್ಕೆ ಇಪ್ಪತ್ತೈದು ಮಂದಿಗಿಂತ ಹೆಚ್ಚಿಲ್ಲ. ಒಂದೇ ದಿನ ತೋಟ ಬರಿದು ಮಾಡುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಒಂದೊಂದು ತಂಡ ಹೋದರೆ, ಆಯಾ ವಾರ ಕಣ್ಣು ಬಿಟ್ಟಷ್ಟನ್ನು ಕೀಳಬಹುದು. ಒಂದು ಮರದ ಕಾಯಿಗಳು ಒಟ್ಟಿಗೆ ಬಲಿಯುವುದಿಲ್ಲ.

• ಊಟ ನಮ್ಮದೇ. ಮನೆಯವರಿಗೆ ಅಡುಗೆಯ ಹೊರೆ ಹಾಕಬಾರದು. ಎಲೆ, ಲೋಟ, ಪ್ಲಾಸ್ಟಿಕ್ ಎಲ್ಲ ವಾಪಸು ತರಬೇಕು.

ಕಳೆದ ಸಲ ಈ ಕಟ್ಟುಪಾಡಿನಲ್ಲಿ ಇಪ್ಪತ್ತನಾಲ್ಕು ಮಂದಿ ಹೋಗಿದ್ದೆವು. ಮೊದಲ ಸಲಕ್ಕಿಂತ ಚೀಲಗಳು ಸಣ್ಣವಾಗಿದ್ದವು. ಹಣ್ಣಾಗಲಿಲ್ಲ ಎಂಬ ಫೋನ್ ಎರಡೇ ಬಂದವು. ಆ ಎರಡೂ ಮನೆಗಳಲ್ಲಿ ಕಾಯಿಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದರು.

ಜೊತೆಗೆ ಹೆಂಜೇರು

ಬೆಳಿಗ್ಗೆ ತಂಪು ಹೊತ್ತಿನಲ್ಲಿ ತೋಟದ ಕೆಲಸ ಮುಗಿಸಿದರೆ ಹೇಮಾವತಿ ನೋಡಲು ಸಾಕಷ್ಟು ಸಮಯವಿರುತ್ತದೆ. ಗೊತ್ತಿಲ್ಲದವರಿಗಾಗಿ ಎರಡು ಮಾತು. ಹೇಮಾವತಿಯ ಹಳೆಯ ಹೆಸರು ಹೆಂಜೇರು. ಇದು ನೊಳಂಬರ ರಾಜಧಾನಿ. ಅವರ ನಾಡು ನೊಳಂಬವಾಡಿ 32000 ಎಂದು ಶಾಸನಗಳಲ್ಲಿ ಹೆಸರಾಗಿದೆ. ಇಲ್ಲಿನ ಸಿದ್ಧೇಶ್ವರ ದೇವಾಲಯದಲ್ಲಿ ಪೂಜೆಗೊಳ್ಳುವುದು ಲಿಂಗವಲ್ಲ, ಮನುಷ್ಯ ರೂಪದಲ್ಲಿ ಕುಳಿತ ಶಿವ. ಪಕ್ಕದ ದೊಡ್ಡೇಶ್ವರ ದೇವಾಲಯದ ಕಲ್ಲಿನ ಕೆತ್ತನೆ, ಜಾಲಂಧ್ರಗಳು, ನುಣುಪಾದ ನಂದಿ ನಿಂತು ನೋಡುವಂಥವು. ಇದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಶಿಲ್ಪಗಳ ಸಂಗ್ರಹವೂ ಇದೆ. ಹೆಂಜೇರಿನ ಶಿಲ್ಪಗಳಲ್ಲಿ ಕೆಲವು ಚೆನ್ನೈ ವಸ್ತುಸಂಗ್ರಹಾಲಯದಲ್ಲಿವೆ. ನೊಳಂಬ ಶೈಲಿಯ ಕಂಬಗಳು ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲೂ ಕಾಣಸಿಗುತ್ತವೆ, ಚೋಳರು ಒಯ್ದವು.

ನೊಳಂಬರ ಶಾಸನಗಳ ಭಾಷೆ ಬಹುಪಾಲು ಕನ್ನಡ. ಗಡಿಗಳು ಆಮೇಲೆ ಬಂದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ ಮೊದಲಿಂದಲೂ ಅನಂತಪುರದ್ದೇ, ಸುತ್ತ ಬಹುಪಾಲು ತುಮಕೂರು ಜಿಲ್ಲೆ. 2022ರ ಏಪ್ರಿಲ್‌ನಿಂದ ಮಡಕಶಿರಾ, ಅಮರಾಪುರ, ಹೇಮಾವತಿ ಎಲ್ಲ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಆದ್ದರಿಂದ ಈಗ ನಮ್ಮ ಸದಸ್ಯರು ಎರಡು ರಾಜ್ಯ, ಹಲವು ಜಿಲ್ಲೆಗಳಲ್ಲಿ ಹಂಚಿದ್ದಾರೆ. ಒಟ್ಟಿಗೆ ಸೇರಲು ಒಂದು ನೆಪ ಬೇಕು, ಹಣ್ಣಿನ ಕಾಲ ಒಳ್ಳೆಯ ನೆಪ.

ಮಾರ್ಗ: ಶಿರಾ ಕಡೆಯವರು ಉತ್ತರಕ್ಕೆ ಅಮರಾಪುರದ ದಿಕ್ಕಿನಲ್ಲಿ ಬರಬೇಕು. ಮಡಕಶಿರಾ, ಹಿಂದೂಪುರದವರು ಮಡಕಶಿರಾ ಮೇಲೆ ಪಶ್ಚಿಮಕ್ಕೆ. ರಾಯದುರ್ಗದವರಿಗೆ ಕಲ್ಯಾಣದುರ್ಗ, ಪಾವಗಡದ ಮಾರ್ಗ ಅನುಕೂಲ. ಅವರಿಗೆ ದಾರಿ ದೂರವಾದ್ದರಿಂದ ಹಿಂದಿನ ಸಂಜೆಯೇ ಹೊರಟು ಮಡಕಶಿರಾದ ಸದಸ್ಯರ ಮನೆಗಳಲ್ಲಿ ಉಳಿಯುವ ಏರ್ಪಾಡು ಮಾಡಿದ್ದೇವೆ.

ತರಬೇಕಾದವು: ಸಣ್ಣ ಕತ್ತರಿ, ಟೋಪಿ, ಕುಡಿಯುವ ನೀರು, ಕಾಲು ಮುಚ್ಚುವ ಚಪ್ಪಲಿ ಅಥವಾ ಬೂಟು (ಮಳೆಗಾಲದ ಹುಲ್ಲಿನಲ್ಲಿ ಹಾವಿನ ಭಯವಿದೆ), ಕಾಯಿ ಹರಡಲು ಅಗಲವಾದ ಮಕ್ಕರಿ ಇಲ್ಲವೇ ರಟ್ಟಿನ ಪೆಟ್ಟಿಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಾಯಿ ಬೆವರಿ ಕೆಡುತ್ತದೆ.

ಕೊನೆಯದಾಗಿ

ಆ ಮನೆಯಲ್ಲಿ ಈಗ ಒಂದು ಮಾತು ನಡೆದಿದೆ. ಸುತ್ತಮುತ್ತ ಬೋರ್‌ವೆಲ್ ಕೊರೆಸಿದವರೆಲ್ಲ ಅಡಿಕೆ ಹಾಕಿದ್ದಾರೆ. ಮಗನಿಗೂ ಸೀತಾಫಲ ತೆಗೆದು ಅಡಿಕೆ ಹಾಕೋಣ ಎಂಬ ಮನಸ್ಸು. ಅವನದು ತಪ್ಪೆನ್ನಲಾಗದು, ಅವನಿಗೂ ಮಗಳ ಓದು, ಮದುವೆ ಇದೆ. ತಂದೆಗೆ ನೀರಿನ ಭಯ. ನೀರು ಬತ್ತಿದರೆ ಅಡಿಕೆ ಒಂದೇ ಬೇಸಿಗೆಯಲ್ಲಿ ಹೋಗುತ್ತದೆ, ಸೀತಾಫಲ ನಿಲ್ಲುತ್ತದೆ ಎಂಬುದು ಅವರ ವಾದ. ಕಳೆದ ಸಲ ನಾವು ಹೊರಡುವಾಗ ಯಜಮಾನರು, "ಈ ಸಲದ ಲೆಕ್ಕ ಮಗನಿಗೆ ತೋರಿಸ್ತೀನಿ" ಎಂದರು. ಹೆಚ್ಚು ಹೇಳಲಿಲ್ಲ.

ಅಡಿಕೆಯೋ ಸೀತಾಫಲವೋ ಎಂಬುದನ್ನು ತೀರ್ಮಾನಿಸುವವರು ಅವರೇ, ನಾವಲ್ಲ. ನಾವು ಹೋಗುವುದರಿಂದಲೇ ತೋಟ ಉಳಿಯುತ್ತದೆ ಎಂದು ಹೇಳುವಷ್ಟು ದೊಡ್ಡ ಲೆಕ್ಕವೂ ಅದಲ್ಲ. ಆದರೆ ನಮ್ಮಿಂದ ಒಂದು ಫಸಲು ಹಾಳಾದದ್ದು ನಿಜ. ಅದು ಇನ್ನೊಮ್ಮೆ ಆಗಬಾರದು. ಅಷ್ಟು ನಮ್ಮ ಕೈಯಲ್ಲಿದೆ.

ಈ ಹಂಗಾಮಿನ ತಂಡಗಳ ದಿನಾಂಕಗಳನ್ನು ಕಾಯಿ ನೋಡಿಕೊಂಡು ಮನೆಯವರು ಹೇಳಿದ ಮೇಲೆ ಕಾರ್ಯಕ್ರಮಗಳ ಪಟ್ಟಿಯಲ್ಲಿ ಹಾಕುತ್ತೇವೆ. ಮಳೆಯ ಮೇಲೆ ಹಿಂದೆ ಮುಂದೆ ಆಗಬಹುದು, ಸಹಕರಿಸಿ. ಹೆಸರು ಕೊಡುವವರು ತಮ್ಮ ಊರಿನ ಪ್ರತಿನಿಧಿಗಳಲ್ಲಿ ಕೊಡಬೇಕು. ಮೊದಲ ಸಲ ಬಂದಿದ್ದ ನಲವತ್ತಾರು ಮಂದಿಯಲ್ಲಿ ಯಾರಾದರೂ ಮತ್ತೆ ಬರುವುದಾದರೆ ಅವರಿಗೆ ಮೊದಲ ಆದ್ಯತೆ. ಅಜ್ಜಿಯೇ ಹಾಗೆ ಹೇಳಿದ್ದಾರೆ: "ಅವತ್ತು ಬಂದೋರು ಹಣ್ಣು ತಿನ್ಲಿಲ್ಲ, ಅವರನ್ನ ಕರ್ಕೊಂಡ್ ಬನ್ನಿ."

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಸಂಘದ ಪರವಾಗಿ)